ಹಂಚಿನ ಮೇಲಿನ ಇಸವಿ, ಪಕ್ಕಾಸಿನ ಮೇಲಿನ ಗೀರು

ನಮ್ಮ ಊರಮನೆಯ ಹಂಚುಗಳ ಒಳಮೈಯಲ್ಲಿ 1865 ಅಂತ ಅಚ್ಚಿತ್ತು. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಲು ಆಳು ಮಾಡಿಗೆ ಹತ್ತುತ್ತಿದ್ದರು. ಕೆಳಗಿನಿಂದ ಒಂದೊಂದೇ ಹಂಚು ದಾಟಿಸುವ ಕೆಲಸ ಮಕ್ಕಳಾದ ನಮ್ಮದು. ಆಗ ಆ ನಾಲ್ಕು ಅಂಕಿಗಳನ್ನು ಬೆರಳಲ್ಲಿ ಸವರಿ ನೋಡುತ್ತಿದ್ದೆವು. ಹಾಗಾಗಿ ಮನೆಗೆ ಎಷ್ಟು ವರ್ಷ ಅಂತ ಯಾರು ಕೇಳಿದರೂ ನಮ್ಮಲ್ಲಿ ಉತ್ತರ ಸಿದ್ಧ ಇರುತ್ತಿತ್ತು. ಮದುವೆಗೆ ಬಂದ ನೆಂಟರಿಗೆ, ಶ್ರಾದ್ಧಕ್ಕೆ ಬಂದ ಭಟ್ಟರಿಗೆ, ಕರೆಂಟು ಎಳೆಯಲು ಬಂದವರಿಗೆ, ಎಲ್ಲರಿಗೂ ದೊಡ್ಡಪ್ಪ ಅದನ್ನೇ ಹೇಳುತ್ತಿದ್ದರು. ಬೇಕಾದರೆ ತಲೆ ಎತ್ತಿ ನೋಡಿ, ಹಂಚಿನಲ್ಲೇ ಬರೆದುಂಟು ಅಂತ.

ಆ ಇಸವಿ ಮನೆಯದ್ದಲ್ಲ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಕಾಸರಗೋಡಿನ ಕಡೆ ಗೆಳತಿಯೊಬ್ಬಳ ಮನೆಗೆ ಹೋದಾಗ. ಅವರ ಹಂಚಿನಲ್ಲೂ 1865. ಅವರೂ ಅದನ್ನೇ ಹೇಳುತ್ತಿದ್ದರು, ಅಷ್ಟೇ ಹೆಮ್ಮೆಯಿಂದ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಕಾರ್ಖಾನೆ ಹುಟ್ಟಿದ ಇಸವಿಯನ್ನು ಆಮೇಲೂ ವರ್ಷಗಟ್ಟಲೆ ಹಂಚಿಗೆ ಒತ್ತುತ್ತಾ ಹೋದರು. ಕರಾವಳಿಯಲ್ಲಿ ಹೀಗೆ 1865ರಲ್ಲಿ ಹುಟ್ಟಿದ ಮನೆಗಳು ಎಷ್ಟಿವೆಯೋ.

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಒಳಕೋಣೆಯ ಮರದ ಪೆಟ್ಟಿಗೆಯಿಂದ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟರು. "ಹಾಗಾದ್ರೆ ಇದರಲ್ಲಿ ಇದ್ದದ್ದೇ ಸರಿ" ಅಂದರು. ಅಂದರೆ ಅವರಿಗೆ ಗೊತ್ತಿತ್ತು. ಪುಸ್ತಕ ಒಂದು ಹೇಳುತ್ತದೆ, ಹಂಚು ಇನ್ನೊಂದು ಹೇಳುತ್ತದೆ ಅಂತ ಗೊತ್ತಿದ್ದೂ ಇಷ್ಟು ವರ್ಷ ಹಂಚಿನ ಮಾತನ್ನೇ ನಂಬಿದ್ದರು. ಅದರಲ್ಲಿ ತಪ್ಪೇನೂ ಇಲ್ಲ ಅಂತ ಈಗ ಅನ್ನಿಸುತ್ತದೆ. ಅವರಪ್ಪ ಹೇಳಿದ್ದನ್ನು ಅವರು ಹೇಳಿದರು.

ಮುತ್ತಜ್ಜನ ಲೆಕ್ಕ

ಕೆಂಪು ಬಟ್ಟೆಯ ರಟ್ಟು. ಅಂಚನ್ನೆಲ್ಲ ಹುಳ ತಿಂದಿದೆ, ಅಕ್ಷರ ಉಳಿದಿದೆ. ಮೊದಲ ಪುಟದಲ್ಲಿ 'ಶ್ರೀ', ಅದರ ಕೆಳಗೆ 'ಪ್ರಮಾದೀಚ ಸಂವತ್ಸರ ವೃಶ್ಚಿಕ ಮಾಸ ದಿನ 12'. ಇಸವಿಯಲ್ಲಿ ಹೇಳುವುದಾದರೆ 1913ರ ನವೆಂಬರ್ ಕೊನೆ. ಅಲ್ಲಿಂದ ಶುರುವಾಗಿ ಆನಂದ ಸಂವತ್ಸರದ ಕುಂಭ ಮಾಸದ ತನಕ, ಅಂದರೆ 1915ರ ಶುರುವಿನ ತನಕ, ಮನೆ ಕಟ್ಟಿದ ಒಂದೂಕಾಲು ವರ್ಷದ ಖರ್ಚು. ರೂಪಾಯಿ, ಆಣೆ, ಪೈ ಅಂತ ಮೂರು ಕಾಲಮ್ಮು. ಎಲ್ಲ ಕನ್ನಡ ಅಂಕಿಗಳು. ಮುತ್ತಜ್ಜನ ಒಂಬತ್ತು ಯಾವುದು, ಆರು ಯಾವುದು ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ನಮ್ಮದು ಪುತ್ತೂರಿನ ಕಡೆಯ ಒಂದು ಹಳ್ಳಿ. ಅಡಿಕೆ ತೋಟ, ಒಂದಿಷ್ಟು ಗದ್ದೆ. ಈ ಮನೆಗೂ ಮೊದಲು ಅಲ್ಲಿದ್ದದ್ದು ಮುಳಿಹುಲ್ಲಿನ ಮಾಡು. ಪುಸ್ತಕದ ಮೊದಲ ಪುಟಗಳಲ್ಲಿ 'ಮುಳಿಹುಲ್ಲಿಗೆ' ಅಂತ ಒಂದು ಸಾಲು ಬರುತ್ತದೆ. ವರ್ಷ ವರ್ಷವೂ ಹುಲ್ಲು ತರಬೇಕು, ಹಳೆಯದ್ದು ತೆಗೆಯಬೇಕು, ಹೊಸತು ಹೊದೆಸಬೇಕು, ಬೇಸಗೆ ಇಡೀ ಬೆಂಕಿಯ ಹೆದರಿಕೆಯಲ್ಲಿ ಇರಬೇಕು. 1914ರ ಬೇಸಗೆಯ ನಂತರ ಆ ಸಾಲು ಪುಸ್ತಕದಿಂದ ಕಾಣೆ. ಅದು ಆ ಮನೆಗೆ ಎಂಥ ನೆಮ್ಮದಿ ತಂದಿರಬೇಕು ಅಂತ ಯೋಚಿಸುತ್ತೇನೆ.

ಗೋಡೆಗೆ ಮುರಕಲ್ಲು. ತೋಟದ ಮೇಲಿನ ಗುಡ್ಡೆಯಲ್ಲೇ ಕಡಿಸಿದ್ದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗೆ, ಗಾಳಿಗೆ ಇಟ್ಟರೆ ಗಟ್ಟಿ, ಅದು ನಮಗೆಲ್ಲ ಗೊತ್ತಿರುವ ವಿಷಯವೇ. (ಇನ್ನೂರು ವರ್ಷದ ಹಿಂದೆ ಈ ಕಡೆಯೆಲ್ಲ ಸುತ್ತಿದ, ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದದ್ದು. ಮುರಕಲ್ಲು ಕಡಿಯುವುದನ್ನು ನೋಡಿದವರಿಗೆ ಆ ಹೆಸರು ಸರಿ ಅನ್ನಿಸುತ್ತದೆ.) ಮರ ಹಲಸು ಮತ್ತು ಹೆಬ್ಬಲಸು. ಹೆಚ್ಚಿನದು ನಮ್ಮ ಕುಮ್ಕಿಯದ್ದೇ (ತೋಟಕ್ಕೆ ತಾಗಿದ, ನಮಗೆ ಹಕ್ಕಿದ್ದ ಸರಕಾರಿ ಜಾಗ), ಹಾಗಾಗಿ ಮರಕ್ಕೆ ಕ್ರಯ ಬರೆದಿಲ್ಲ. ಕೊಯ್ದವರ ಕೂಲಿ ಮಾತ್ರ ಇದೆ, ಅದೂ ಪುಟಗಟ್ಟಲೆ. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೆದು ಇಡೀ ಮನೆಯ ಪಕ್ಕಾಸು, ಅಂದರೆ ಮಾಡು ಹೊರುವ ಓರೆ ಮರಗಳನ್ನು, ಸಿಗಿದಿದ್ದಾರೆ.

ಬೆಲ್ಲದ ಲೆಕ್ಕ ನೋಡಿ ಮೊದಲು ನಾನು ತಪ್ಪು ತಿಳಿದೆ. ವಾರಕ್ಕೊಮ್ಮೆ 'ಬೆಲ್ಲ, ಬೆಲ್ಲ' ಅಂತ ಇದೆ. ಕೆಲಸದವರಿಗೆ ಬೆಲ್ಲ ನೀರು ಕೊಡುವ ಕ್ರಮ ಇತ್ತಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆ. ಎಷ್ಟು ನೀರು ಕುಡಿದರೂ ಅಷ್ಟು ಬೆಲ್ಲ ಖರ್ಚಾಗುವುದಿಲ್ಲ. ಅದು ಗಾರೆಗೆ ಹೋದದ್ದು. ಚಿಪ್ಪು ಸುಟ್ಟು ಮಾಡಿದ ಸುಣ್ಣ, ಹೊಯಿಗೆ (ಮರಳು), ಬೆಲ್ಲದ ನೀರು. ಕಡೆಗೆ ಆ ಮನೆಯ ಗೋಡೆ ಕೆಡವುವಾಗ ಆ ಗಾರೆ ಬಿಡಿಸಲು ಪಿಕಾಸಿ ಹಿಡಿದ ಹುಡುಗರು ಎಷ್ಟು ಬೆವರಿದರು ಅಂತ ಕಣ್ಣಾರೆ ನೋಡಿದ್ದೇನೆ.

ಹಂಚು 6,200. ಅಷ್ಟು ಹೊತ್ತಿಗೆ ಮಂಗಳೂರಿಗೆ ರೈಲು ಬಂದು ಆರೇಳು ವರ್ಷ ಆಗಿತ್ತು. ಆದರೆ ನಮ್ಮ ಊರಿಗೆ ಹೊಳೆ ಮತ್ತು ಎತ್ತು, ಅಷ್ಟೇ. ಜೆಪ್ಪಿನಿಂದ ದೋಣಿಯಲ್ಲಿ ನೇತ್ರಾವತಿಯ ಮೇಲೆ ಪಾಣೆಮಂಗಳೂರಿನ ತನಕ, ಅಲ್ಲಿಂದ ಕಲ್ಲಡ್ಕ, ಮಾಣಿ ದಾಟಿ ಗಾಡಿಯಲ್ಲಿ. 'ಗಾಡಿ 26' ಅಂತ ಇದೆ, 'ಮಾಣಿಯಲ್ಲಿ ಎತ್ತಿಗೆ ಹುಲ್ಲು' ಅಂತ ಇದೆ, ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ಒಡೆದದ್ದು 143'. ಎಲ್ಲ ಪತ್ತನಾಜೆಯ ಒಳಗೆ ಮುಗಿಯಬೇಕಿತ್ತು. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಭೂತಕೋಲ, ಯಕ್ಷಗಾನದ ಆಟ, ಜಾತ್ರೆ ಎಲ್ಲ ನಿಂತು ಜನ ಮಳೆಗೆ ಕಾಯುವ ಹೊತ್ತು. ಅಷ್ಟರಲ್ಲಿ ಗೋಡೆಯ ತಲೆಯ ಮೇಲೆ ಮಾಡು ಕೂರದಿದ್ದರೆ ಒಂದು ಬೇಸಗೆಯ ಕೆಲಸ ನೀರಲ್ಲಿ ಹೋದ ಹಾಗೆ. ಮೇಷ ಮಾಸದ ಪುಟಗಳಲ್ಲಿ ಆಳಿನ ಲೆಕ್ಕ ಇದ್ದಕ್ಕಿದ್ದಂತೆ ಎರಡು ಪಟ್ಟು ಆಗುತ್ತದೆ. ಮುತ್ತಜ್ಜನ ಅಕ್ಷರವೂ ಅವಸರದ್ದಾಗುತ್ತದೆ.

ಆ ಮಳೆಗಾಲದಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಪುಸ್ತಕದಲ್ಲಿ ಆ ಮಾತೇ ಇಲ್ಲ. ಆದರೆ ಮಳೆ ನಿಂತು ಎರಡನೇ ಬೇಸಗೆಯ ಕೆಲಸ ಹಿಡಿದಾಗ ಮೊಳೆಗೂ ಕಿಟಕಿಯ ಸರಳಿಗೂ ಮೊದಲಿಗಿಂತ ಜಾಸ್ತಿ ಕೊಟ್ಟಿದ್ದಾರೆ. ಒಂದು ಕಡೆ 'ಕಬ್ಬಿಣ ದುಬಾರಿ' ಅಂತಲೂ ಬರೆದಿದ್ದಾರೆ. ಜೆಪ್ಪಿನ ಕಾರ್ಖಾನೆ ನಡೆಸುತ್ತಿದ್ದ ಮಿಷನ್‌ನ ಜರ್ಮನರನ್ನು ಆ ಯುದ್ಧದಲ್ಲಿ ಸರಕಾರ ಹಿಡಿದಿಟ್ಟಿತು, ಮುಂದೆ ಕಾರ್ಖಾನೆಯೇ ಬೇರೆಯವರ ಕೈಗೆ ಹೋಯಿತು. ನಮ್ಮ ಹಂಚು ಯುದ್ಧ ಶುರುವಾಗುವುದಕ್ಕೆ ಬರೀ ಮೂರು ತಿಂಗಳ ಮೊದಲು ಪಾಣೆಮಂಗಳೂರಿನ ಕಡವಿನಲ್ಲಿ ಇಳಿದಿತ್ತು.

ಒಟ್ಟು 2,318 ರೂಪಾಯಿ 11 ಆಣೆ 4 ಪೈ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂಗಳೂರಿನ ಬಂಡಸಾಲೆಯಿಂದ (ಅಡಿಕೆ ಮಂಡಿಯಿಂದ) ಅಡಿಕೆಯ ಮೇಲೆ ತಂದ ಸಾಲ. ಆ ಸಾಲ ತೀರಿದ್ದು 1922ರಲ್ಲಿ. ಮನೆ ಕಟ್ಟಲು ಒಂದೂಕಾಲು ವರ್ಷ, ಅದರ ಸಾಲ ಕಟ್ಟಲು ಏಳು ವರ್ಷ.

ಪುಸ್ತಕದಲ್ಲಿ ಇಲ್ಲದ್ದು

ಇಷ್ಟೆಲ್ಲ ಓದಿದ ಮೇಲೆ ನನಗೆ ಎರಡು ಪ್ರಶ್ನೆ ಉಳಿದವು. ತುಂಬಾ ದಿನ ಕಾಡಿದವು.

ಒಂದು, ಇಡೀ ಪುಸ್ತಕದಲ್ಲಿ ಮನೆಯ ಒಂದು ಚಿತ್ರ ಇಲ್ಲ. ನಕ್ಷೆ ಅಂತ ಒಂದು ಗೆರೆಯೂ ಇಲ್ಲ. ಚಾವಡಿ ಇಷ್ಟು ಉದ್ದ, ದೇವರಕೋಣೆ ಇಲ್ಲಿ, ಮೆಟ್ಟಿಲು ಅಲ್ಲಿ, ಎಲ್ಲಿಯೂ ಬರೆದಿಲ್ಲ. 'ಉದ್ದ 21 ಕೋಲು' ಅಂತ ಒಂದೇ ಕಡೆ ಇದೆ. ಅಷ್ಟು ದೊಡ್ಡ ಮನೆ, ನಾಲ್ಕು ಬದಿಗೆ ಇಳಿಯುವ ಮಾಡು, ಒಂದಕ್ಕೊಂದು ಕಚ್ಚಿ ಕೂತ ಎಂಬತ್ತಕ್ಕೂ ಹೆಚ್ಚು ಪಕ್ಕಾಸು, ಇದನ್ನೆಲ್ಲ ಯಾವುದನ್ನು ನೋಡಿ ಮಾಡಿದರು?

ಇನ್ನೊಂದು, ಹೆಸರು. ಕೆಲಸ ಮಾಡಿದವರಲ್ಲಿ ಒಬ್ಬರದ್ದೂ ಹೆಸರಿಲ್ಲ. 'ಗಂಡಾಳು 6, ಹೆಣ್ಣಾಳು 4'. 'ಕಲ್ಲಿನವರು 3'. 'ಆಚಾರಿ 1'. ಬೇಸಾಯದ ಎತ್ತು ಕೊಂಡಾಗ ಅದರ ಬಣ್ಣ ಬರೆದಿದ್ದಾರೆ, ಕೊಂಬು ಬರೆದಿದ್ದಾರೆ. ದಿನಕ್ಕೆ 8 ಆಣೆಯಂತೆ ಒಂದೂಕಾಲು ವರ್ಷ ನಮ್ಮ ಅಂಗಳದಲ್ಲಿ ಕೂತು ಮನೆ ಕೆತ್ತಿದ ಮನುಷ್ಯನನ್ನು ಆಚಾರಿ ಅಂತ ಮಾತ್ರ ಬರೆದಿದ್ದಾರೆ. ಮನೆ ಒಕ್ಕಲಿನ (ಗೃಹಪ್ರವೇಶದ) ದಿನ 'ಆಚಾರಿಗೆ ಪಂಚೆ 1, ಶಾಲು 1, ಅಕ್ಕಿ ಅರ್ಧ ಮುಡಿ'. ಅಲ್ಲಿಗೆ ಅವನ ಸುದ್ದಿ ಮುಗಿಯಿತು. ಹೆಣ್ಣಾಳುಗಳಿಗೆ ಎರಡು ಆಣೆ ಮತ್ತು ಅಕ್ಕಿ. ಆ ಮುರಕಲ್ಲನ್ನು ಗುಡ್ಡೆಯಿಂದ ತಲೆಯ ಮೇಲೆ ಹೊತ್ತು ತಂದವರಲ್ಲಿ ಎಷ್ಟೋ ಜನ, ಒಕ್ಕಲಾದ ಮೇಲೆ ಆ ಮನೆಯ ಜಗಲಿ ಏರುವಂತಿರಲಿಲ್ಲ. ಇದನ್ನು ನನಗೆ ಯಾರೂ ಹೇಳಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗಲೂ ಅಂಗಳದಲ್ಲಿ ಯಾರು ಎಲ್ಲಿಯ ತನಕ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅನ್ನುವುದು ಗೆರೆ ಎಳೆದಷ್ಟು ಸ್ಪಷ್ಟ ಇತ್ತು.

ಮುತ್ತಜ್ಜ ಕಟ್ಟಿದ ಮನೆ ಅಂತಲೇ ನಾವು ಹೇಳುವುದು. ಸಾಲ ಮಾಡಿದ್ದು ಅವರು, ನಿದ್ದೆಗೆಟ್ಟದ್ದು ಅವರು, ಪೈ ಪೈ ಲೆಕ್ಕ ಇಟ್ಟದ್ದು ಅವರು. ಅದನ್ನು ಕಡಿಮೆ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಆದರೆ ಅವರ ಪುಸ್ತಕ ದುಡ್ಡು ಕೊಟ್ಟವರ ಪುಸ್ತಕ. ದುಡ್ಡು ಎಲ್ಲಿಗೆ ಹೋಯಿತು ಅಂತ ಹೇಳುತ್ತದೆ, ಮನೆ ಎಲ್ಲಿಂದ ಬಂತು ಅಂತ ಹೇಳುವುದಿಲ್ಲ.

ಬಿಚ್ಚುವ ದಿನ

2020ರ ಜನವರಿಯಲ್ಲಿ ಮನೆ ಬಿಚ್ಚಿಸಿದೆವು. ಕಾರಣ ಎಲ್ಲ ಊರಮನೆಗಳದ್ದೇ. ಪಾಲಾಗಿತ್ತು, ಇರುವವರಿರಲಿಲ್ಲ, ಬಡಗು ಬದಿಗೆ ಗೆದ್ದಲು ಹಿಡಿದಿತ್ತು. ದೊಡ್ಡಪ್ಪ ತೋಟದ ಆಚೆ ಸಣ್ಣ ತಾರಸಿ ಮನೆಯಲ್ಲಿದ್ದರು. ಘಟ್ಟದ ಮೇಲೆ ಯಾರೋ ಹಳೆಯ ಮರದಲ್ಲೇ ಮನೆ ಕಟ್ಟುತ್ತಿದ್ದರು, ಇಡೀ ಮಾಡನ್ನು ಹಾಗೆಯೇ ಅಲ್ಲಿ ಏರಿಸುತ್ತೇವೆ ಅಂದರು. ಸುಮ್ನೆ ಕುಸಿದು ಬೀಳುವುದಕ್ಕಿಂತ ಅದು ಒಳ್ಳೆಯದು ಅಂತ ಎಲ್ಲರೂ ಒಪ್ಪಿದೆವು. ನಾನು ನಾಲ್ಕು ದಿನ ರಜೆ ಹಾಕಿ ಹೋದೆ.

ಬಿಚ್ಚಲು ಬಂದ ಮೇಸ್ತ್ರಿಗೆ ಐವತ್ತು ದಾಟಿರಬೇಕು. ಅವರೂ ಆಚಾರಿಗಳ ಮನೆತನದವರೇ. ಜೊತೆಗೆ ಆರು ಹುಡುಗರು, ಒಂದು ಡಬ್ಬಿ ಬಿಳಿ ಪೈಂಟು. ಒಂದೊಂದು ಮರ ತೆಗೆಯುವಾಗಲೂ ಅದಕ್ಕೊಂದು ನಂಬರು ಬರೆಯುತ್ತಾರೆ, ಇಲ್ಲದಿದ್ದರೆ ತಿರುಗಿ ಜೋಡಿಸಲು ಆಗುವುದಿಲ್ಲವಲ್ಲ. ಮೊದಲ ದಿನ ಹಂಚು ಇಳಿಸಿದರು. ನೂರೈದು ವರ್ಷದ ಹೊಗೆಯ ಒಳಗೆ ಬಿಸಿಲು ಬಿತ್ತು. ಅಡಿಗೆಕೋಣೆಯ ನೆಲದ ಮೇಲೆ ಪಕ್ಕಾಸಿನ ನೆರಳು ಸಾಲಾಗಿ ಬಿದ್ದದ್ದನ್ನು ಮರೆಯಲು ಆಗುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ತೆಂಕು ಬದಿಯ ಮೊದಲ ಪಕ್ಕಾಸು ಬಿಚ್ಚಿದರು. ಮೊಳೆ ಹೊಡೆದದ್ದು ಹಂಚು ಕೂರುವ ರೀಪಿಗೆ ಮಾತ್ರ. ಪಕ್ಕಾಸಿಗೆಲ್ಲ ಮರದ ಆಣಿ. ಹುಡುಗ ಆಣಿ ತಟ್ಟಿ ತೆಗೆದು ಮರವನ್ನು ಕೆಳಗೆ ಇಳಿಸಿದ. ಮೇಸ್ತ್ರಿ ಪೈಂಟಿನ ಬ್ರಶ್ ಹಿಡಿದು ಬಗ್ಗಿದವರು ಹಾಗೆಯೇ ನಿಂತರು. ಜೋಡಣೆಯ ಒಳಗೆ ಹೋಗುವ ತುದಿಯನ್ನು ಉಗುರಲ್ಲಿ ಕೆರೆದರು. ಕಪ್ಪು ಹೋಗಿ ಒಳಗಿನ ಹಳದಿ ಕಂಡಿತು. ಅದರ ಮೇಲೆ ಉಳಿಯಲ್ಲಿ ಕಚ್ಚಿದ ಒಂದು ಗೀರು. "ಅಲ್ಲಿ ನೋಡು" ಅಂತ ಮೇಲಿದ್ದ ಹುಡುಗನಿಗೆ ಹೇಳಿದರು. ಗೋಡೆಯ ತಲೆಯ ಮೇಲೆ ಉದ್ದಕ್ಕೆ ಮಲಗಿಸಿದ ತೊಲೆಯಲ್ಲಿ, ಆ ಪಕ್ಕಾಸು ಕೂತಿದ್ದ ಗುಳಿಯ ಬದಿಯಲ್ಲೂ ಒಂದು ಗೀರು ಇತ್ತು. ಎರಡನೆಯದರಲ್ಲಿ ಎರಡು. ಮೂರನೆಯದರಲ್ಲಿ ಮೂರು. ಐದಕ್ಕೆ ಒಂದು ಅಡ್ಡಗೀರು. ಬಡಗು ಬದಿಗೆ ಹೋದಾಗ ಅದೇ ಗೀರುಗಳ ತುದಿಗೆ ಒಂದು ಚುಕ್ಕಿ, ತೆಂಕಿನದ್ದಕ್ಕೂ ಬಡಗಿನದ್ದಕ್ಕೂ ಗೊಂದಲ ಆಗದ ಹಾಗೆ.

ಮೇಸ್ತ್ರಿ ಪೈಂಟಿನ ಡಬ್ಬಿ ಮುಚ್ಚಿದರು. "ನಂಬರು ಬೇಡ. ಅವರೇ ಬರೆದಿಟ್ಟಿದ್ದಾರೆ" ಅಂದರು.

ಜೋಡಿಸಿದ ಮೇಲೆ ಆ ಗೀರುಗಳು ಯಾರ ಕಣ್ಣಿಗೂ ಬೀಳುವಂತಿಲ್ಲ. ಮರದ ಒಳಗೆ ಮರ ಹೋಗಿ ಮುಚ್ಚಿಬಿಡುತ್ತದೆ. ನಾವು ಮೂರು ತಲೆಮಾರು ಅದರ ಕೆಳಗೆ ಹುಟ್ಟಿ, ಉಂಡು, ಮಲಗಿ, ಸತ್ತರೂ ನಮಗೆ ಗೊತ್ತಿರಲಿಲ್ಲ. ಆಚಾರಿ ಅಂಗಳದಲ್ಲಿ ಇಡೀ ಮಾಡನ್ನು ನೆಲದ ಮೇಲೆ ಮಾಡಿ, ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ, ಆಮೇಲೆ ಗೋಡೆಗೆ ಏರಿಸಿದ್ದಾನೆ. ನಾನು ಹುಡುಕುತ್ತಿದ್ದ ನಕ್ಷೆ ಇದೇ ಇರಬೇಕು. ಅವನ ತಲೆಯಲ್ಲಿತ್ತು, ಅಲ್ಲಿಂದ ನೇರ ಮರಕ್ಕೆ ಬಂತು. ನಡುವೆ ಕಾಗದ ಬರಲೇ ಇಲ್ಲ.

ಮಧ್ಯಾಹ್ನ ಬಡಗು ಬದಿಯಲ್ಲಿ ಮೇಸ್ತ್ರಿ ನನ್ನನ್ನು ಕರೆದರು. ಹದಿಮೂರನೆಯ ಪಕ್ಕಾಸು. ಅದರಲ್ಲಿ ಹದಿನಾಲ್ಕರ ಗುರುತು ಇತ್ತು, ಅದನ್ನು ಉಳಿಯಿಂದ ಹೊಡೆದು ಹಾಕಿ ಪಕ್ಕದಲ್ಲಿ ಹದಿಮೂರು ಅಂತ ಮತ್ತೆ ಕಚ್ಚಿತ್ತು. ಆಣಿಯ ತೂತು ಎರಡು. ತಪ್ಪಿ ಕೊರೆದ ತೂತಿಗೆ ಒಂದು ಮರದ ತುಂಡು ಬಡಿದು ಮುಚ್ಚಿದ್ದ. ಮೇಸ್ತ್ರಿ ನನ್ನ ಬೆರಳು ಹಿಡಿದು ಅದರ ಮೇಲೆ ಇಡಿಸಿದರು. ಏನೂ ಗೊತ್ತಾಗಲಿಲ್ಲ. ಬಿಸಿಲಿಗೆ ಓರೆ ಹಿಡಿದು ನೋಡಿದಾಗ ಕಾಲಾಣೆಯಷ್ಟು ಅಗಲದ ಒಂದು ದುಂಡು ಕಂಡಿತು. ಆ ತುಂಡಿನ ನಾರು ಕೂಡ ಪಕ್ಕಾಸಿನ ನಾರಿನ ದಿಕ್ಕಿಗೇ ಇತ್ತು. ಒಳಗೆ ಮುಚ್ಚಿ ಹೋಗುವ ಜಾಗ ಅದು. ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದೂ ನಾರು ಕೂಡಿಸಿ ಮುಚ್ಚಿದ್ದ. ಅದಕ್ಕೆ ಎಷ್ಟು ಹೊತ್ತು ಹಿಡಿದಿರಬಹುದು ಅಂತ ಕೇಳಿದೆ. "ಹೊಸ ಪಕ್ಕಾಸು ಕೆತ್ತುವಷ್ಟೇ ಹೊತ್ತು" ಅಂದರು ಮೇಸ್ತ್ರಿ. ಆವತ್ತಿನ ದಿನ ಪುಸ್ತಕದಲ್ಲಿ ಇದ್ದಿರಬಹುದಾದದ್ದು ಒಂದೇ ಸಾಲು: ಆಚಾರಿ 1, ಎಂಟಾಣೆ.

ಅಂದು ಸಂಜೆ ಇನ್ನೊಂದು ವಸ್ತುವೂ ಸಿಕ್ಕಿತು. ಮೂಡು ಬದಿಯ ಗೋಡೆಯ ಮೇಲೆ, ತೊಲೆಯ ಹಿಂದೆ ಸಿಕ್ಕಿಸಿಟ್ಟಿದ್ದ ಒಂದು ಚಪ್ಪಟೆ ಕೋಲು. ನಾನು ರೀಪಿನ ತುಂಡು ಅಂದುಕೊಂಡು ಎಸೆಯುವವಳಿದ್ದೆ. ಅದರ ಒಂದು ಅಂಚಿಗೆ ಸರಿಯಾಗಿ ಇಪ್ಪತ್ತನಾಲ್ಕು ಕಚ್ಚುಗಳಿದ್ದವು. ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಕೋಲು. ಮೇಸ್ತ್ರಿ ಅದನ್ನು ಎಬ್ಬಾಗಿಲಿನ ದಾರಂದಕ್ಕೆ, ಅಂದರೆ ಬಾಗಿಲ ಚೌಕಟ್ಟಿಗೆ, ಹಿಡಿದು ಎರಡು ಕೋಲು ಎಂಟು ಅಂಗುಲ ಅಂದರು. ದೇವರಕೋಣೆಗೆ ಹಿಡಿದರು, ಕಿಟಕಿಗೆ ಹಿಡಿದರು, ಎಲ್ಲವೂ ಪೂರ್ತಿ ಅಂಗುಲದಲ್ಲಿ ಬಂದು ನಿಂತಿತು. ನಾನು ಮೊದಲೇ ಟೇಪಿನಲ್ಲಿ ಅಳೆದು ಬರೆದುಕೊಂಡಿದ್ದ ಅಡಿ ಇಂಚಿನಲ್ಲಿ ಒಂದೂ ಪೂರ್ತಿ ಸಂಖ್ಯೆ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ನಾವಿಬ್ಬರೂ ಆ ಕೋಲು ಹಿಡಿದು ಗೋಡೆಯ ಈ ತುದಿಯಿಂದ ಆ ತುದಿಗೆ ಅಳೆಯುತ್ತಾ ನಡೆದೆವು. ಸರಿಯಾಗಿ ಇಪ್ಪತ್ತೊಂದು. ಮುತ್ತಜ್ಜ ಬರೆದಿಟ್ಟ ಆ ಒಂದೇ ಅಳತೆ.

ಜಮೆ

ಕೊನೆಯ ದಿನ ಲಾರಿ ಬಂತು. ಮೇಸ್ತ್ರಿ ತಮ್ಮ ಪುಸ್ತಕದಲ್ಲಿ ಲೆಕ್ಕ ಬರೆದರು. ಪಕ್ಕಾಸು 84, ದಾರಂದ 11, ಕಂಬ 6, ಹಂಚು 5,410. ಅದನ್ನು ದೊಡ್ಡಪ್ಪ ಒಮ್ಮೆ ಓದಿಸಿ ಕೇಳಿದರು. ಮತ್ತೆ ನನ್ನ ಹತ್ತಿರ ಕೆಂಪು ರಟ್ಟಿನ ಪುಸ್ತಕ ತರಲು ಹೇಳಿದರು.

ಮುತ್ತಜ್ಜ ಬರೆದ ಕಡೆಯ ಪುಟದ ಆಚೆಗೆ ಹತ್ತಿಪ್ಪತ್ತು ಖಾಲಿ ಹಾಳೆ ಉಳಿದಿದ್ದವು. ಪ್ರತಿ ಪುಟದ ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಮನೆ ಕಟ್ಟಿದ ಲೆಕ್ಕದಲ್ಲಿ ಜಮೆಯ ಬದಿಗೆ ಸಾಲ ತಂದದ್ದು ಬಿಟ್ಟರೆ ಬೇರೇನೂ ಇಲ್ಲ. ದೊಡ್ಡಪ್ಪ ಕನ್ನಡಕ ಏರಿಸಿ, ಬಾಲ್‌ಪೆನ್ನಿನಲ್ಲಿ, ನಡುಗುವ ಅಕ್ಷರದಲ್ಲಿ 'ವಿಕಾರಿ ಸಂವತ್ಸರ ಮಕರ ಮಾಸ ದಿನ 14' ಅಂತ ಬರೆದರು. ಪಂಚಾಂಗ ನೋಡಲಿಲ್ಲ, ಬಾಯಲ್ಲೇ ಇತ್ತು. ಅದರ ಕೆಳಗೆ ಪಕ್ಕಾಸು, ದಾರಂದ, ಕಂಬ, ಹಂಚು. ಅದರ ಕೆಳಗೆ ಬಂದ ಹಣ. ಮತ್ತೆ ಬಲಕ್ಕೆ, ಖರ್ಚಿನ ಬದಿಗೆ ಬಂದು, 'ಬಿಚ್ಚಿದ ಕೂಲಿ' ಅಂತ ಬರೆದು ಪೆನ್ನು ನಿಲ್ಲಿಸಿದರು.

"ಮೇಸ್ತ್ರಿಗಳೇ, ನಿಮ್ಮ ಹೆಸರು ಎಂತದು ಹೇಳಿ" ಅಂದರು.

ಮೇಸ್ತ್ರಿ ಹೇಳಿದರು. ದೊಡ್ಡಪ್ಪನಿಗೆ ಕೇಳಲಿಲ್ಲ, ಕಿವಿ ಮುಂದೆ ಮಾಡಿದರು. ಮೇಸ್ತ್ರಿ ಇನ್ನೊಮ್ಮೆ, ಅಪ್ಪನ ಹೆಸರೂ ಊರೂ ಸೇರಿಸಿ ಹೇಳಿದರು. ದೊಡ್ಡಪ್ಪ ಬರೆದರು. ಕೆಲಸದ ಆರು ಹುಡುಗರನ್ನೂ ಕರೆದು ಕೇಳಿ ಬರೆದರು. ಲಾರಿಯವನು ಎರಡು ಸಲ ಹಾರ್ನ್ ಹಾಕಿದ. ಮೇಸ್ತ್ರಿ ಕೈ ಒರೆಸಿಕೊಂಡು ಬಂದು, ದೊಡ್ಡಪ್ಪನ ಭುಜದ ಮೇಲಿಂದ ಬಗ್ಗಿ ಪುಸ್ತಕ ನೋಡಿದರು. ತಮ್ಮ ಹೆಸರಿನ ಒಂದು ಅಕ್ಷರಕ್ಕೆ ಬೆರಳು ತೋರಿಸಿ, ಇಲ್ಲಿ ಒಂದು ಒತ್ತು ಬರಬೇಕು ಅಂದರು. ದೊಡ್ಡಪ್ಪ ಒತ್ತು ಕೊಟ್ಟರು.